ಅಂಗೈ ಹುಣ್ಣಿಗೆ ಕನ್ನಡಿ

ಅಕ್ಕ ಆ ಕ್ಷೌರಿಕನಿಗೆ ಹಾಕದ ಶಾಪವಿರಲಿಲ್ಲ. ಅವನ ನಾಲಿಗೆ ಬಿದ್ದುಹೋಗಲಿ, ಕತ್ತಿ ಹಿಡಿದ ಕೈ ಸೇದಿಹೋಗಲಿ ಎಂದು ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಬೈಯುವಳು. ಬೈಯದೆ ಇನ್ನೇನು ಮಾಡಿಯಾಳು? ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಆ ತಮ್ಮ ಈಗ ಕೊಲೆಗಾರನೆಂಬ ಹೆಸರು ಹೊತ್ತು, ಜೀವಾವಧಿ ಶಿಕ್ಷೆಗೆ ಒಳಗಾಗಿ ಜೈಲಿನಲ್ಲಿ ಕೊಳೆಯುತ್ತಿದ್ದ. ಅದೂ ಆ ಕ್ಷೌರಿಕನೊಬ್ಬನ ಸಾಕ್ಷಿಯ ಮೇಲೆ.

ನಡೆದದ್ದು ಇಷ್ಟು. ಕ್ಷೌರದಂಗಡಿಯ ಎದುರಿಗೆ ಹಾಡಹಗಲಲ್ಲೇ ಟೈರಿನಂಗಡಿಯವನನ್ನು ಯಾರೋ ಇರಿದು ಓಡಿಹೋಗಿದ್ದರು. ಕೊಂದವನ ತಲೆಗೆ ಹೆಲ್ಮೆಟ್ಟು, ಮುಖ ಕಂಡವರಿಲ್ಲ. ಆದರೆ ಇರಿದದ್ದು ಎಡಗೈಯಲ್ಲಿ ಎಂಬುದನ್ನು ಕ್ಷೌರಿಕ ಕಂಡಿದ್ದ. ಆ ಬೀದಿಯಲ್ಲಿ ಎಡಗೈಯವನೆಂದರೆ ತಮ್ಮನೊಬ್ಬನೇ, ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ‘ಎಡಚ’ ಎಂದು. ಅದೇ ಎತ್ತರ, ಅದೇ ಮೈಕಟ್ಟು. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಟೈರಿನವನ ಜೊತೆ ಜಗಳವಾಡಿ, “ನಿನ್ನನ್ನ ಸುಮ್ನೆ ಬಿಡಲ್ಲ” ಎಂದು ಬಾಯಿ ಹರಿಬಿಟ್ಟಿದ್ದ. ಇನ್ನು ಕೇಳಬೇಕೇ! ಸರ್ಕಾರಿ ವಕೀಲರು, “ಕಣ್ಣಾರೆ ಕಂಡವನೇ ಇದ್ದಾನೆ ಸ್ವಾಮಿ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?” ಎಂದು ಹೇಳಿ ಕೂತುಬಿಟ್ಟರು. ಗಾಯ ನೋಡಿದರೆ ಬಲಗೈಯವನ ಪೆಟ್ಟಿನಂತಿದೆ ಎಂದು ವೈದ್ಯರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮನ ವಕೀಲನೋ, ಮಹಾ ಬುದ್ಧಿವಂತ! ಸಾಕ್ಷಿಯನ್ನು ಸುಳ್ಳ, ದುಡ್ಡು ತಿಂದವ ಎಂದು ಜರಿದನೇ ಹೊರತು ಕೇಳಬೇಕಾದ್ದನ್ನು ಕೇಳಲಿಲ್ಲ. ಕ್ಷೌರಿಕ ಗಳಗಳ ಅತ್ತು, “ನನ್ನ ಮಕ್ಕಳಾಣೆಗೂ ಕಂಡದ್ದನ್ನೇ ಹೇಳಿದೀನಿ” ಎಂದ. ನ್ಯಾಯಾಧೀಶರು ಅವನನ್ನು ನಂಬಿದರು.

ಮೇಲಿನ ಕೋರ್ಟಿಗೆ ಅಪೀಲು ಹಾಕಿದ್ದು ಬೇರೊಬ್ಬ ವಕೀಲಮ್ಮ. ಒಮ್ಮೆ ಅಕ್ಕ, “ನಾನೇ ಹೋಗಿ ಆ ಪಾಪಿಯನ್ನ ಕೇಳಲಾ?” ಎಂದಾಗ ಆಕೆ ಗದರಿದ್ದಳು.

“ಅವನ ಅಂಗಡಿ ಕಡೆ ತಲೆ ಹಾಕಿಯೂ ಮಲಗಬೇಡಿ! ಸಾಕ್ಷೀನ ಹೆದರಿಸಿದ್ರು ಅಂತ ಆದ್ರೆ ಇರೋ ಒಂದು ಬಾಗಿಲೂ ಮುಚ್ಚಿಹೋಗುತ್ತೆ.”

ಹಾಗಾಗಿ ಜನ್ಮವಿಡೀ ಆ ಕ್ಷೌರಿಕನ ಕೈಗೇ ಗಲ್ಲ ಕೊಟ್ಟಿದ್ದ ಮುದಿ ಅಪ್ಪನನ್ನು ಅಕ್ಕ ಊರಿನ ಇನ್ನೊಂದು ತುದಿಯ ಅಂಗಡಿಗೆ ಕರೆದೊಯ್ಯಬೇಕಾಯಿತು. “ಇವನ ಕತ್ತಿ ಮೊಂಡು” ಎಂದು ಅಪ್ಪನ ಗೊಣಗಾಟ. ಅಂದು ಅಕ್ಕ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು. ಇಸ್ತ್ರಿ ತಾಗಿ ಸುಟ್ಟ ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಹೊಸ ಕ್ಷೌರಿಕ ಅಪ್ಪನ ಗಂಟಲ ಮೇಲೆ ಕತ್ತಿ ಆಡಿಸುತ್ತ, ತಿರುಗದೆ, ಎದುರಿನ ಕನ್ನಡಿಯಲ್ಲೇ ಅವಳನ್ನು ನೋಡಿ ಮಾತಿಗಿಳಿದ.

“ಎಡಗೈಗೆ ಏನು ಮಾಡ್ಕೊಂಡ್ರಿ ತಾಯಿ?”

“ಎಡಗೈಯಲ್ಲಪ್ಪ, ಬಲಗೈ.”

ಅವನು ಒಂದು ಕ್ಷಣ ಕತ್ತಿ ತೆಗೆದು ಹಿಂತಿರುಗಿ ನೋಡಿ ನಕ್ಕ. “ನಮ್ಮ ಹಣೆಬರಹವೇ ಇಷ್ಟು. ಗಿರಾಕಿ ಗಂಟಲ ಮೇಲೆ ಕತ್ತಿ ಇರುವಾಗ ತಿರುಗೋಕಾಗುತ್ತಾ? ಬಂದೋರು, ಹೋದೋರು, ಬೀದಿ, ಎಲ್ಲಾ ಕನ್ನಡೀಲೇ ನೋಡಬೇಕು. ಬಲ ಎಡ ಆಗುತ್ತೆ, ಎಡ ಬಲ ಆಗುತ್ತೆ.”

ಅಕ್ಕ ದಡಬಡಿಸಿ ಎದ್ದಳು. ಒಂದು ಕೆನ್ನೆಯ ತುಂಬ ಸೋಪಿನ ನೊರೆ ಮೆತ್ತಿಕೊಂಡಿದ್ದ ಅಪ್ಪನನ್ನು ಹಾಗೆಯೇ ಎಬ್ಬಿಸಿ ಎಳೆದುಕೊಂಡು ಹೊರಟಳು. “ಅಯ್ಯೋ, ಇನ್ನರ್ಧ ಗಡ್ಡ ಕಣೇ!” ಎಂದು ಅಪ್ಪ ದಾರಿಯುದ್ದಕ್ಕೂ ಬಡಕೊಂಡ.

ವಕೀಲಮ್ಮ ಅವಳ ಮಾತು ಕೇಳಿ, ಸಾಕ್ಷಿಯ ಹೇಳಿಕೆಯನ್ನು ಮತ್ತೆ ಓದಿದಳು. ‘ಗಿರಾಕಿಯ ಕುತ್ತಿಗೆಯ ಮೇಲೆ ಕತ್ತಿ ಇಟ್ಟಿದ್ದೆ. ಕೂಗು ಕೇಳಿ ತಲೆಯೆತ್ತಿ ನೋಡಿದೆ.’ ಪೊಲೀಸರ ನಕ್ಷೆಯಲ್ಲಿ ಕುರ್ಚಿಯ ಮುಖ ಗೋಡೆಯ ಕನ್ನಡಿಗೆ, ಬೀದಿ ಬೆನ್ನ ಹಿಂದೆ.

“ತಲೆ ಎತ್ತಿದ್ದಾನೆ, ತಿರುಗಿಲ್ಲ. ಎಷ್ಟು ಸಲ ಓದಿದೀನಿ ಇದನ್ನ!” ಎಂದು ಹಣೆ ಚಚ್ಚಿಕೊಂಡಳು.

ಅಪೀಲಿನ ದಿನ ವಕೀಲಮ್ಮ ಎದ್ದು ನಿಂತು ಹೇಳಿದ ಮೊದಲ ಮಾತು ಕೇಳಿ ಅಕ್ಕ ಕೂತಲ್ಲಿಂದ ಅರ್ಧ ಎದ್ದಳು. “ಈ ಸಾಕ್ಷಿ ಸತ್ಯವಂತ. ಕಂಡದ್ದನ್ನೇ ಹೇಳಿದ್ದಾನೆ.” ಇಷ್ಟು ವರ್ಷ ಶಪಿಸಿದ್ದು ಯಾರನ್ನು ಹಾಗಾದರೆ? ಅವನು ಸುಳ್ಳನಾಗಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಸುಳ್ಳನನ್ನು ದ್ವೇಷಿಸುವುದು ಸುಲಭ. ನ್ಯಾಯಮೂರ್ತಿಗಳು ನಕ್ಷೆ ತರಿಸಿಕೊಂಡು, ಗಿರಾಕಿಯ ಮುಖ ಯಾವ ಕಡೆಗಿತ್ತು ಎಂದು ಸರ್ಕಾರಿ ವಕೀಲರನ್ನು ಕೇಳಿದರು.

“ಕನ್ನಡಿಯ ಕಡೆಗೆ, ಸ್ವಾಮಿ.”

ಆ ದನಿ ಆಗಲೇ ಇಳಿದುಹೋಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದರೇ? ವೈದ್ಯರ ಮಾತಿಗೂ ಈಗ ಬೆಲೆ ಬಂತು. ಕೆಲವು ವಾರಗಳ ನಂತರ ತೀರ್ಪಾಗಿ, ತಮ್ಮನ ಬಿಡುಗಡೆಯಾಯಿತು.

ತಮ್ಮನ ಗಡ್ಡ ಎದೆಗಿಳಿದಿತ್ತು. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಮಲಗಿದ್ದವನು ಎದ್ದು, “ಕ್ಷೌರ ಮಾಡಿಸ್ಕೊಂಡು ಬರ್ತೀನಿ ಅಕ್ಕ” ಎಂದು ನೇರ ಆ ಅಂಗಡಿಯತ್ತಲೇ ಹೊರಟ.

“ಬೇರೆ ಅಂಗಡಿ ಇಲ್ವೇನೋ? ತಲೆ ನೆಟ್ಟಗಿದೆಯಾ ನಿಂಗೆ?” ಅಕ್ಕ ಹಿಂದೆಯೇ ಓಡಿದಳು.

ಕ್ಷೌರಿಕ ಅವನನ್ನು ಕನ್ನಡಿಯಲ್ಲಿ ಕಂಡು ಕಲ್ಲಾದ. ತಮ್ಮ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿದ. ಮುದಿ ಕ್ಷೌರಿಕ ಕತ್ತಿ ಕೆಳಗಿಟ್ಟು, ಕುರ್ಚಿಯನ್ನು ಪೂರ್ತಿ ಬೀದಿಯ ಕಡೆ ತಿರುಗಿಸಿದ. ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೇರ ನೋಡಿದ.

“ಆವತ್ತೇ ತಿರುಗಬೇಕಿತ್ತು ಕಣಪ್ಪ. ಗಿರಾಕಿ ಕುತ್ತಿಗೆ ನೆನಪಿತ್ತು. ಕೋರ್ಟಲ್ಲಿ ನಿಂತಾಗ ನಿನ್ನ ಕುತ್ತಿಗೆ ನೆನಪಾಗಲಿಲ್ಲ.”

ತಮ್ಮ ಆ ಕೈಗಳ ಮೇಲೆ ತನ್ನ ಕೈಯಿಟ್ಟ.

“ನಿನ್ನ ಕೈ ನಡುಗ್ತಿದೆ ಮಾವ. ನಡುಕ ನಿಲ್ಲಲಿ. ಕಾಯೋದು ನಂಗೆ ಅಭ್ಯಾಸ ಆಗಿದೆ.”

ಅಕ್ಕನ ಬಾಯಿಗೆ ಬಂದ ಶಾಪ ಬಾಯಲ್ಲೇ ಉಳಿಯಿತು. ಅವಳೂ ಬೆಂಚಿನ ಮೇಲೆ ಕಾಯುತ್ತ ಕೂತಳು.