ಬಾಣಂತಿ ಗುಡ್ಲು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಕ್ಕಸು ಕಟ್ಟಿಸಿಕೊಂಡವರು ಪೇಟೆಯವರು, ನಾತ ಕುಡಿದವರು ನಾವು. ಮಹಾರಾಜರ ಸರ್ಕಾರದ ಕಾಲ, ಜರ್ಮನಿಯವರ ಯುದ್ಧ ನಡೆಯುತ್ತಿತ್ತು. ಪೇಟೆಯ ಮಲ ಹೂಳುವುದಕ್ಕೆ ಊರಾಚೆ ಜಾಗ ಹುಡುಕುತ್ತ ಟೋಪಿ ಹಾಕಿದ ಒಬ್ಬ ಇನ್‌ಸ್ಪೆಕ್ಟರು ನಮ್ಮ ಗೊಲ್ಲರ ಹಟ್ಟಿಗೆ ಬಂದ. ಬೇಲಿಯಾಚೆ ತಗ್ಗಿನಲ್ಲಿದ್ದ ಗುಡಿಸಲನ್ನು ತೋರಿಸಿ, "ಇದು ಯಾರದಯ್ಯಾ?" ಎಂದ.

ಅದು ಬಾಣಂತಿ ಗುಡ್ಲು. ಹೆತ್ತ ಹೆಂಗಸು ಸೂತಕ ಕಳೆಯುವವರೆಗೆ ಕೂಸಿನೊಂದಿಗೆ ಅಲ್ಲೇ ಇರಬೇಕು. ಅವಳು ಬೇಲಿಯೊಳಗೆ ಕಾಲಿಟ್ಟರೆ ದೇವರ ದನಗಳಿಗೆ ಕೇಡು ಎಂಬ ನಂಬಿಕೆ. ಪೂಜಾರಿ ಮುದ್ದಪ್ಪನ ಕೈಯಲ್ಲಿ ಆಗ ದೇವರ ಬೆತ್ತವಿತ್ತು. ಬೆತ್ತ ಹಿಡಿದವನ ಬಾಯಲ್ಲಿ ಆ ಗುಡ್ಲಿನ ಮಾತು ಬರಬಾರದಂತೆ. "ಯಾರ್ದೂ ಅಲ್ಲ ಸ್ವಾಮಿ" ಅಂದುಬಿಟ್ಟ ಪುಣ್ಯಾತ್ಮ.

ಯಾರದೂ ಅಲ್ಲವೆಂದ ಮೇಲೆ ಕೇಳುವವರು ಯಾರು? ಗುಡ್ಲಿದ್ದ ತಗ್ಗಿನ ಮೇಲುಗಡೆಗೇ ಗುಂಡಿಗಳನ್ನು ತೋಡಿ, ಸುತ್ತ ಮಣ್ಣಿನ ಏರಿ ಹಾಕಿದರು. ದಿನಾ ಮಲದ ಪೀಪಾಯಿ ಹೊತ್ತ ಎತ್ತಿನ ಗಾಡಿ ಬರತೊಡಗಿತು. ಥೂ, ಅದೇನು ನಾತ! ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗುಡ್ಲನ್ನಾದರೂ ಬೇರೆ ಕಡೆ ಹಾಕಿ ಎಂದು ನಾನು ಮುದ್ದಪ್ಪನಿಗೆ ಹೇಳಿದೆ.

"ಹಿರೀಕ್ರು ಗೆರೆ ಎಳ್ದಿರೋ ಜಾಗ ಕಣಮ್ಮ ಕರಿಯಕ್ಕ. ನಿನ್ ಮೂಗಿಗೋಸ್ಕರ ಬದಲಾಯ್ಸಕ್ಕಾಯ್ತದಾ?" ಎಂದು ನಕ್ಕ. ಹೆರುವವನು ಅವನಲ್ಲವಲ್ಲ!

ಆ ಮಳೆಗಾಲದಲ್ಲಿ ನನ್ನ ತಮ್ಮ ಯತ್ತಪ್ಪನ ಹೆಂಡತಿ ಪುಟ್ಟಕ್ಕ ಹೆತ್ತಳು. ಹುಲಿಕುಂಟೆ ಕಡೆಯ ಹುಡುಗಿ, ಚೊಚ್ಚಲ ಹೆರಿಗೆ, ಗಂಡು ಕೂಸು. ನಾನು ಬೇಲಿಯ ಹತ್ತಿರ ಅನ್ನ ನೀರು ಇಟ್ಟು, ದೂರದಿಂದಲೇ ಕೂಸಿನ ಮುಖ ನೋಡಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಮಳೆ ಹೊಯ್ದ ಹೊಡೆತಕ್ಕೆ ಗುಂಡಿಗಳ ಏರಿ ಒಡೆಯಿತು. ಹೊಲಸೆಲ್ಲ ಇಳಿಜಾರಿಗೆ ನುಗ್ಗಿತು.

"ಅಕ್ಕಾ, ಒಳೀಕ್ ಬತ್ತೈತೆ! ಕೂಸ್ನಾದ್ರೂ ಎತ್ಕಳ್ರೀ!" ಎಂದು ಪುಟ್ಟಕ್ಕ ಕೂಗಿದಳು. ಹೆತ್ತು ಬಾಡಿದ ಮೈ, ಎದ್ದು ನಿಲ್ಲಲೂ ತ್ರಾಣವಿರಲಿಲ್ಲ.

ನಾನು ಬೇಲಿಯ ಮುಳ್ಳು ಕಿತ್ತು ನುಗ್ಗಿದೆ. ಗಂಡಸರು ನನ್ನನ್ನು ಹಿಡಿದುಕೊಂಡರು. ಮುದ್ದಪ್ಪ ಬೆತ್ತವನ್ನು ಅಡ್ಡ ಹಿಡಿದು, "ಅವುಳ್ನ ಒಳೀಕ್ ಕರ್ಕಬಂದ್ರೆ ಹಟ್ಟಿ ಹಾಳಾಗೋಯ್ತದೆ" ಎಂದ.

"ನಿನ್ ಬಾಯಿಗೆ ಮಣ್ಣಾಕ! ಲೇ ಯತ್ತಾ, ಅದು ನಿನ್ ಮಗ ಕಣ್ಲಾ!" ಎಂದು ಕಿರುಚಿದೆ. ನನ್ನ ರಟ್ಟೆ ಹಿಡಿದವರಲ್ಲಿ ಯತ್ತಪ್ಪನೂ ಒಬ್ಬ. ಮುಖ ಆಚೆ ತಿರುಗಿಸಿಕೊಂಡ, ಹಿಡಿತ ಮಾತ್ರ ಬಿಡಲಿಲ್ಲ.

ಹೊಲಸು ಗಾಡಿ ಹೊಡೆಯುವ ತಿಪ್ಪಯ್ಯ ಮಳೆಗೆ ಮರದಡಿ ನಿಂತಿದ್ದ. ಅವನೇ ತಗ್ಗಿಗೆ ಇಳಿದ. ಅಷ್ಟರಲ್ಲಿ ಗುಡ್ಲು ಕುಸಿಯಿತು. ಮೊದಲು ಪುಟ್ಟಕ್ಕನನ್ನು ಎಳೆದು ತಂದ, ಆಮೇಲೆ ಆ ರಾಡಿಯಲ್ಲಿ ತಡಕಿ ಕೂಸನ್ನು ಎತ್ತಿದ. ತಲೆವಸ್ತ್ರದ ತುದಿಯಿಂದ ಅದರ ಬಾಯಿ, ಮೂಗು ಒರೆಸಿದ. ಬೆನ್ನು ತಟ್ಟಿದ, ತಟ್ಟುತ್ತಲೇ ಇದ್ದ. "ಉಸ್ರಿಲ್ಲ ಕಣಮ್ಮ" ಎಂದು ಕೊನೆಗೆ ಅದನ್ನು ಅವಳ ಮಡಿಲಲ್ಲಿಟ್ಟ. ಆಗ ಗಂಡಸರು ನನ್ನನ್ನು ಬಿಟ್ಟರು.

ಮಳೆ ನಿಂತ ಮೇಲೆ ಕೂಸನ್ನು ದಿಣ್ಣೆಯ ಮೇಲೆ ಮಣ್ಣು ಮಾಡಿದರು. ಪುಟ್ಟಕ್ಕ ಹೇಗೋ ಎದ್ದು ತಡವರಿಸುತ್ತ ಬೇಲಿಯವರೆಗೆ ನಡೆದು ಬಂದಳು. ಎದೆಹಾಲು ಒಸರಿ ಸೀರೆ ತೊಯ್ದಿತ್ತು.

"ಈಗ ಕೂಸಿಲ್ವಲ್ಲ ಪೂಜಾರಪ್ಪ. ಒಳೀಕ್ ಬರ್ಲಾ?"

ಮುದ್ದಪ್ಪ ನೆಲ ನೋಡಿದ. "ಹೆರ್ಗೆ ಸೂತಕಾನೇ ಮುಗ್ದಿಲ್ಲ. ಅದ್ರ ಮ್ಯಾಲೆ ಸಾವಿನ್ ಸೂತಕ ಬೇರೆ ಕೂಡ್ಕಂತು. ಮೊದ್ಲಿಂದ ದಿನ ಎಣಿಸ್ಬೇಕಮ್ಮ" ಎಂದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಆ ಹೊಲಸಿಗೇ ಮತ್ತೆ ಇಳಿದು, ಕುಸಿದ ಗುಡ್ಲಿನ ಬಿದಿರು ಗಳವೊಂದನ್ನು ಎತ್ತಿ ನಿಲ್ಲಿಸಲು ನೋಡಿದಳು. ಆಗಲಿಲ್ಲ. ನಾನೂ ಇಳಿದು ಇನ್ನೊಂದು ತುದಿ ಹಿಡಿದುಕೊಂಡೆ.