ಹಗ್ಗ ಜಗ್ಗಿದ ಸಾಹೇಬ

ನಾಯಿಯ ಹೆಸರು ಸಾಹೇಬ. ಸಾಮಾನು ತಪಾಸಣೆಯ ಶೆಡ್ಡಿನಲ್ಲಿ ಎಲ್ಲರೂ ಅವನಿಗೆ ಸಲಾಂ ಹೊಡೆಯುತ್ತಿದ್ದರು. ಸಿಡಿಮದ್ದಿನ ವಾಸನೆ ಬಂದ ಸೂಟ್‌ಕೇಸಿನ ಮುಂದೆ ಅವನು ತೆಪ್ಪಗೆ ಕೂರಬೇಕು. ಕೂತರೆ ತರಬೇತುಗಾರ್ತಿ ಜೇಬಿನಿಂದ ಚೆಂಡು ತೆಗೆದು ಎಸೆಯುತ್ತಾಳೆ. ಅಷ್ಟೇ ಅವನ ಸಂಬಳ. ತಪ್ಪಿದರೆ ಚೆಂಡಿಲ್ಲ, ಏಟೂ ಇಲ್ಲ. ತರಬೇತಿಯ ಕೊನೆಗೆ ಒಂದು ಸೋಮವಾರ ಪರೀಕ್ಷೆ; ಪಾಸಾದರೆ ಕೆಲಸ. ಇಲ್ಲವಾದರೆ ಅವನನ್ನು ಯಾರಿಗಾದರೂ ಸಾಕಲು ಕೊಟ್ಟುಬಿಡುತ್ತಾರೆ.

ಅವಳ ಅಪ್ಪ ಇದೇ ಶೆಡ್ಡಿನಲ್ಲಿ ನಾಯಿ ಪಳಗಿಸಿ ನಿವೃತ್ತರಾದವರು. ಅವರ ಕಾಲದಲ್ಲಿ ನಾಯಿ ತಪ್ಪಿದರೆ ಸರಪಳಿ ಜಗ್ಗಿ ಪಾಠ ಕಲಿಸುತ್ತಿದ್ದರು. ಪರೀಕ್ಷೆಗೆ ಕೆಲವು ವಾರ ಮೊದಲು ಅಭ್ಯಾಸ ನೋಡಲು ಬಂದರು. ಸಾಹೇಬ ಒಮ್ಮೆಯೂ ತಪ್ಪಲಿಲ್ಲ.

"ಹೇಗೆ?" ಎಂದಳು ಮಗಳು, ಗತ್ತಿನಿಂದ.

"ಅವನು ಸೂಟ್‌ಕೇಸ್ ಎಲ್ಲಿ ಮೂಸ್ತಿದಾನೆ? ನಿನ್ನ ಜೇಬು ನೋಡ್ತಿದಾನೆ. ಮದ್ದಿರೋ ಪೆಟ್ಟಿಗೆ ಹತ್ರ ಬಂದ ಕೂಡ್ಲೇ ನಿನ್ನ ಕೈ ಚೆಂಡಿಗೆ ಹೋಗುತ್ತೆ."

"ಸುಮ್ನಿರಪ್ಪ, ಹೊಟ್ಟೆಕಿಚ್ಚು ನಿಂಗೆ."

"ಸರಿ, ಆಚೆ ಹೋಗು. ಈ ಸಲ ಮದ್ದು ನಾನು ಬಚ್ಚಿಡ್ತೀನಿ."

ಎಲ್ಲಿಟ್ಟಿದ್ದಾರೆಂದು ತಿಳಿಯದೆ ಅವಳು ಸಾಹೇಬನನ್ನು ನಡೆಸಿದಳು. ಸೂಟ್‌ಕೇಸುಗಳ ಸಾಲಿನ ನಡುವೆ ಸೀನು ಬಂದು ಕರ್ಚೀಫಿಗೆಂದು ಜೇಬಿಗೆ ಕೈಹಾಕಿದಳು. ಸಾಹೇಬ ಠಪ್ಪನೆ ಕೂತ. ಖಾಲಿ ಸೂಟ್‌ಕೇಸು.

"ಕರ್ಚೀಫ್ ಹಿಡಿದ್ಬಿಟ್ಟ ನೋಡು, ಪತ್ತೇದಾರ!" ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗೇನ್ಮಾಡ್ಲಿ? ನಿನ್ನ ಥರ ಜಗ್ಗಲಾ?"

"ಅವನದೇನು ತಪ್ಪು? ನೀನು ಕಲಿಸಿದ್ದನ್ನ ಸರಿಯಾಗೇ ಕಲ್ತಿದಾನೆ."

ಅಂದಿನಿಂದ ಚೆಂಡು ಅಪ್ಪನ ಕೈಗೆ ಹೋಯಿತು. ಬಚ್ಚಿಡುವವರೂ ಅವರೇ, ಎಸೆಯುವವರೂ ಅವರೇ. ಅವಳ ಕೈ ಎಷ್ಟು ಸಲ ಜೇಬಿಗೆ ಹೋದರೂ ಚೆಂಡು ಬರಲಿಲ್ಲ. ಸಾಹೇಬ ಬೊಗಳಿದ, ಮುನಿಸಿಕೊಂಡ. ಆಮೇಲೆ ಮೂಗಿಗೆ ಕೆಲಸ ಕೊಟ್ಟ.

ಪರೀಕ್ಷೆಯ ಸೋಮವಾರ ಬಂತು. ಬೀಗ ಓರೆಯಾಗಿ, ಯಾರೋ ಆಗಷ್ಟೇ ತೆರೆದು ಮುಚ್ಚಿದಂತಿದ್ದ ಕೆಂಪು ಸೂಟ್‌ಕೇಸಿನಲ್ಲೇ ಮದ್ದಿದೆ ಎಂದು ಅವಳಿಗೆ ಖಾತ್ರಿಯಾಯಿತು. ಅಲ್ಲೇ ನಿಂತಳು; ಕೈ ತಾನಾಗಿ ಜೇಬಿಗೆ ಹೋಯಿತು. ಸಾಹೇಬ ಕೆಂಪು ಪೆಟ್ಟಿಗೆ ಮೂಸಿದ, ಅವಳ ಮುಖ ನೋಡಿದ, ಹಗ್ಗ ಜಗ್ಗಿ ಮುಂದೆ ಹೊರಟೇಬಿಟ್ಟ. ಅವಳು ಎಳೆಸಿಕೊಂಡು ಹೋದಳು. ಒಂದು ಹಳೇ ಚೀಲದ ಮುಂದೆ ಅವನು ಕೂತ, ಅಲುಗಾಡಲಿಲ್ಲ.

ಪರೀಕ್ಷಕಿ ಚೀಲ ತೆರೆದು ಮದ್ದಿನ ಡಬ್ಬಿ ಎತ್ತಿ ತೋರಿಸಿ, ಚೆಂಡು ಎಸೆದರು. "ಸಾಹೇಬ್ರು ಪಾಸು. ಕೆಂಪು ಪೆಟ್ಟಿಗೆ ಹತ್ರ ನೀವೇ ಫೇಲು."

ಶೆಡ್ಡೆಲ್ಲ ನಕ್ಕಿತು. ಅವಳೂ ಎದೆಯುಬ್ಬಿಸಿ ನಕ್ಕಳು. ಗೋಡೆಗೊರಗಿ ನಿಂತಿದ್ದ ಅಪ್ಪ ಮಾತ್ರ ಚೆಂಡು ಕಚ್ಚಿಕೊಂಡು ಕುಣಿಯುತ್ತಿದ್ದ ನಾಯಿಯನ್ನೇ ನೋಡುತ್ತಿದ್ದರು.

"ನನ್ನ ಒಂದು ನಾಯೀನೂ ನನ್ನ ಹೀಗೆ ಎಳ್ಕೊಂಡು ಹೋಗಿರ್ಲಿಲ್ಲ ಕಣಮ್ಮ" ಎಂದರು. "ಮದ್ದಿದ್ರೂ ಇಲ್ದಿದ್ರೂ, ನಾನು ನಿಂತ ಕಡೆ ಹೆದರ್ಕೊಂಡು ಕೂತ್ಬಿಡ್ತಿದ್ವು."