ಆಯಿಯ ಖಾಲಿ ಬಾಟಲಿಗಳು

ಆಯಿಯನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗುವ ಬುದ್ಧಿ ನನಗೆ ಯಾಕಾದರೂ ಬಂತೋ ಎಂದು ಮೂರನೆಯ ದಿನ ನನ್ನನ್ನೇ ಬೈದುಕೊಂಡೆ. ಮೊದಲೆರಡು ದಿನ ಹಾಗನ್ನಿಸಿರಲಿಲ್ಲ. ಆಗ ನಾನು ಜಂಬದಲ್ಲಿದ್ದೆ.

ಆಯಿ ಅಂದರೆ ನನ್ನ ತಾಯಿ ಕಮಲಿ. ಐವತ್ತೆಂಟು ವರ್ಷ. ಮೂವತ್ತು ವರ್ಷ ಹೊನ್ನಾವರದ ಬಂದರಿನ ಧಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು, ಬಸ್ಸಿಳಿದ ಊರಲ್ಲೆಲ್ಲ ಮನೆ ಮನೆ ಸುತ್ತಿ ಮಾರಿದವಳು. ಎರಡು ವರ್ಷದ ಹಿಂದೆ ಮಗಳು ನಾನು ಜಗಳ ಮಾಡಿ ಬುಟ್ಟಿ ಬಿಡಿಸಿದೆ. ಬುಟ್ಟಿ ಬಿಟ್ಟವಳು ಮನೆಯಲ್ಲಿ ಕೂತು ನನ್ನ ತಲೆ ತಿನ್ನತೊಡಗಿದಳು. ಕುಮಟಾದ ರಾಜೇಶ ಮಾಸ್ತರರು ವರ್ಷಕ್ಕೊಮ್ಮೆ ನಮ್ಮ ಕಡೆಯ ಹದಿನೈದು ಜನರನ್ನು ಹಿಮಾಲಯಕ್ಕೆ ಚಾರಣ ಕರೆದೊಯ್ಯುತ್ತಾರೆ. ನಾನು ಹೆಸರು ಕೊಟ್ಟಿದ್ದೇ ತಡ, ಆಯಿ ಹಟ ಹಿಡಿದಳು.

"ಮೂವತ್ತು ವರ್ಷ ದುಡ್ಡು ಕೊಟ್ಟು ಐಸ್ ತಕಂಡಿದ್ದೆ. ಆಕಾಶದಿಂದ ಬಿಟ್ಟಿ ಬೀಳೂ ಐಸ್ ಒಂದ್ಸಲ ನೋಡೂಕೆ ಬೇಕು ನಂಗೆ."

ಬರೀ ನೋಡುವುದಲ್ಲ, ಹನ್ನೆರಡೂವರೆ ಸಾವಿರ ಅಡಿಯ ಶಿಖರದ ತುದಿ ಮುಟ್ಟಿ ಬರುತ್ತೇನೆ ಎಂದು ಧಕ್ಕೆಯಲ್ಲೆಲ್ಲ ಸಾರಿಬಿಟ್ಟಳು. ಜೊತೆಗೆ ಬುಟ್ಟಿ ಹೊರುತ್ತಿದ್ದ ಗಂಗೆಯಂತೂ ಅವಳನ್ನು ಬೀಳ್ಕೊಡಲು ಒಂದು ದಿನದ ವ್ಯಾಪಾರ ಬಿಟ್ಟು ಸ್ಟೇಷನ್ನಿಗೆ ಬಂದಳು. ನಮ್ಮ ಕೈಯಲ್ಲಿ ಚಾರಣದ ಕೋಲುಗಳು, ಆಯಿಯ ಕೈಯಲ್ಲಿ ಉದ್ದ ಹಿಡಿಕೆಯ ಕಪ್ಪು ಕೊಡೆ. ಎಲ್ಲರೂ ನಕ್ಕರು. ಆಯಿ ಯಾರ ನಗುವನ್ನೂ ಲೆಕ್ಕಕ್ಕಿಡಲಿಲ್ಲ.

ಮಾಸ್ತರರು ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದರು. ಮೇಲೆ ಹೋದಂತೆ ಹಸಿವು ಸಾಯುತ್ತದೆ, ಆದರೂ ಉಣ್ಣಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗುವುದಿಲ್ಲ, ಆದರೂ ದಿನಕ್ಕೆ ನಾಲ್ಕು ಲೀಟರ್ ನೀರು ಹೊಟ್ಟೆ ಸೇರಬೇಕು. ಇಲ್ಲದಿದ್ದರೆ ತಲೆನೋವು, ವಾಂತಿ, ಆಮೇಲೆ ಕೆಳಗಿನ ದಾರಿ. ಸಂಜೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕ ನೋಡುತ್ತಿದ್ದರು, ಖಾಲಿ ಬಾಟಲಿಗಳನ್ನೂ ತೋರಿಸಬೇಕಿತ್ತು. ಎರಡೂ ಸಂಜೆ ಎಲ್ಲರಿಗಿಂತ ಮೊದಲು ಆಯಿಯ ಬಾಟಲಿಗಳೇ ಖಾಲಿ. ನನ್ನದರಲ್ಲಿ ಅರ್ಧ ಉಳಿದಿರುತ್ತಿತ್ತು.

"ಕಮಲಕ್ಕನ್ನ ನೋಡಿ ಕಲೀರಿ," ಅಂದರು ಮಾಸ್ತರರು. ಆಯಿ ದವಡೆಯಲ್ಲಿ ಒಣಗಿದ ಮುರುಗಲು ಸಿಪ್ಪೆ ಒತ್ತಿಟ್ಟುಕೊಂಡು ಸುಮ್ಮನೆ ತಲೆ ತಗ್ಗಿಸಿದಳು. ಆ ಹುಳಿ ಸಿಪ್ಪೆ ಅವಳ ಬಾಯಲ್ಲಿ ಇಡೀ ದಿನ ಇರುತ್ತಿತ್ತು. ನಾನು ಅದನ್ನು ಬಾಯಿಚಪಲ ಎಂದುಕೊಂಡಿದ್ದೆ.

ಮೂರನೆಯ ದಿನ ಮಧ್ಯಾಹ್ನ ಹನ್ನೊಂದು ಸಾವಿರ ಅಡಿಯ ಶಿಬಿರ ತಲುಪುವಾಗ ಆಯಿಯ ಮುಖ ಬಿಳಿಚಿತ್ತು. ಬಂದವಳೇ ಹಣೆ ಒತ್ತಿಕೊಂಡು ಕೂತಳು. ಖಿಚಡಿಯ ತಟ್ಟೆ ದೂಡಿದಳು. ಮನೆಯಿಂದ ತಾನೇ ಕುಟ್ಟಿ ತಂದಿದ್ದ ಒಣಸಿಗಡಿ ಚಟ್ನಿಯ ಡಬ್ಬಿ ತೆರೆದರೆ ಮುಖ ತಿರುಗಿಸಿದಳು. ಒಣಸಿಗಡಿ ಬೇಡವೆಂದ ಆಯಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮಾಸ್ತರರು ಅವಳ ಬೆರಳು ನೋಡಿ, ನಾಲಿಗೆ ನೋಡಿ, ಗಡಿಯಾರ ನೋಡಿದರು. "ಸಂಜೆ ಆರಕ್ಕೆ ಮತ್ತೆ ನೋಡ್ತೆ, ಕಮಲಕ್ಕ. ತಲೆನೋವು ಇಳ್ದಿದ್ರೆ ಆತು. ಇಲ್ದಿದ್ರೆ ನೀವು ಕೆಳಗೆ ಇಳೂದೇ. ನೀರು ಕುಡೀರಿ, ಎಂತಾರೂ ತಿನ್ನಿ."

"ಕೆಳಗೆ ಕಳ್ಸಬೇಡಿ ಮಾಸ್ತರೇ. ನಾ ಧಕ್ಕೆಗೆ ಮುಖ ತೋರ್ಸೂದು ಹೇಗೆ?" ಅಂದಳು ಆಯಿ. ಅವಳು ಯಾರಲ್ಲಾದರೂ ಬೇಡಿಕೊಂಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳು ಬಾಟಲಿ ಹಿಡಿದು ಗುಡಾರದ ಹಿಂದೆ ಹೋದಳು. ವಾಂತಿಯಾದೀತೆಂದು ನಾನೂ ಬೆನ್ನಿಗೇ ಹೋದೆ. ನೋಡಿದರೆ, ಆಯಿ ಬಾಟಲಿಯನ್ನು ಬುಡಮೇಲು ಮಾಡಿ ಒಂದು ಪೊದೆಯ ಬುಡಕ್ಕೆ ಸುರಿಯುತ್ತಿದ್ದಾಳೆ.

"ಎಂತ ಮಾಡ್ತೆ ಆಯಿ?"

"ಗಿಡಕ್ಕೆ ನೀರು ಹಾಕ್ತೆ."

ನನ್ನ ಪಿತ್ತ ನೆತ್ತಿಗೇರಿತು. ಮೂರು ದಿನ ಹೀಗೇ ಚೆಲ್ಲಿದ್ದಳಂತೆ. ಬಾಯಿಗೆ ಬಂದಂತೆ ಬೈದೆ. ಮಾಸ್ತರರಿಗೆ ಮೋಸ, ನನಗೆ ಮೋಸ, ಸತ್ತರೆ ಹೆಣ ಹೊರುವವರು ಯಾರು ಎಂದೆಲ್ಲ ಅಂದೆ. ಆಯಿ ಬಾಟಲಿಯ ಮುಚ್ಚಳ ಹಾಕಿ ಕಲ್ಲಿನ ಮೇಲೆ ಕೂತಳು.

"ಬುಟ್ಟಿ ಬಿಟ್ರೂ ಹಗಲು ಹೊತ್ತು ನೀರು ಕುಡೂಕೆ ಹೆದ್ರಿಕೆ ನಂಗೆ, ಸುಚಿತಾ. ಬುಟ್ಟಿ ಹೊತ್ತ ಮೇಲೆ ಕುಡದ್ರೆ ಎಲ್ಲಿ ಕೂರೂದು ಹೇಳು. ಮೀನು ತಕಂಬ ಮನೆಯವ್ರು ಬಚ್ಚಲಿಗೆ ಕರೀತ್ರಾ? ರಸ್ತೆ ಬದಿಗೆ ಕೂರೂಕೆ ಆತದಾ? ಬೆಳಗ್ಗೆ ನಾಲ್ಕಕ್ಕೆ ಒಂದು ಲೋಟ ಚಾ. ಮತ್ತೆ ಎರಡು ಗಂಟೆಗೆ ಮನೆಗೆ ಬಂದ ಮೇಲೇ ನೀರು. ನಂಗೆ ಅತ್ತೆ ಹೇಳ್ಕೊಟ್ಟಿದ್ದು, ಗಂಗೆಗೆ ನಾ ಹೇಳ್ಕೊಟ್ಟಿದ್ದು. ಬಾಯಿ ಒಣಗಿದ್ರೆ ಮುರುಗಲು ಸಿಪ್ಪೆ ಇಟ್ಕಂಬೂದು."

ನಾನು ಲ್ಯಾಬ್ ಟೆಕ್ನೀಶಿಯನ್. ದಿನಕ್ಕೆ ಮೂವತ್ತು ಜನರ ಮೂತ್ರ ಪರೀಕ್ಷೆ ಮಾಡುವವಳು. ಆಯಿಗೆ ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾದಾಗ ಅವಳ ರಿಪೋರ್ಟನ್ನು ನಾನೇ ಬರೆದು, ನೀರು ಕುಡಿಯಲು ಏನು ದಾಡಿ ಎಂದು ನಾನೇ ಕೂಗಾಡಿದ್ದೆ. ಯಾಕೆ ಕುಡಿಯುವುದಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ನನ್ನನ್ನು ಓದಿಸಿದ್ದು ಅವಳ ಆ ಒಣಗಿದ ಬಾಯಿಯೇ. ನನಗೆ ನಾಚಿಕೆಯಾಯಿತು.

"ಇಲ್ಲಿ ಹೆಂಗಸ್ರಿಗೇ ಬೇರೆ ಟಾಯ್ಲೆಟ್ ಗುಡಾರ ಅದೆಯಲ್ಲ ಆಯಿ," ಅಂದೆ.

"ಅದು ಬೆಳಗಾಗೂ ಮುಂಚೆ ಹೋಗೂಕಲ್ವಾ? ಹಗಲು ಎಲ್ರೂ ಕಾಣ್ತ್ರು."

"ಕಾಣ್ಲಿ. ನಾ ಬಾಗ್ಲಿಗೆ ನಿಲ್ತೆ. ನೀ ಕುಡಿ."

ಬರೀ ನೀರು ಬೇಡ, ಗಂಜಿ ಮಾಡಿಸು ಅಂದಳು. ಅಷ್ಟು ಎತ್ತರದಲ್ಲಿ ಅಕ್ಕಿ ಬೇಯುವುದು ಕಷ್ಟ. ಅಡುಗೆಯವನ ಕುಕ್ಕರಿನಲ್ಲಿ ನೀರು ಜಾಸ್ತಿ ಹಾಕಿ, ಸೀಟಿ ಮೇಲೆ ಸೀಟಿ ಹೊಡೆಸಿ, ಉಪ್ಪು ಹಾಕಿ ತಂದೆ. "ಗಂಜಿಯೂ ನೀರಿನ ಲೆಕ್ಕಕ್ಕೇ ಬರ್ತದೆ," ಎಂದು ಮಾಸ್ತರರು ಒಪ್ಪಿದರು. ವಿಷಯವೇನೆಂದು ಅವರಿಗೆ ಹೇಳಿದ್ದೆ. ಅವರು ನೆಲ ನೋಡುತ್ತ, ಇಷ್ಟು ವರ್ಷದಲ್ಲಿ ಇದು ತನಗೆ ಹೊಳೆದಿರಲೇ ಇಲ್ಲ ಅಂದರು.

ಅರ್ಧ ಗಂಟೆಗೊಂದು ಲೋಟ. ಒಮ್ಮೆ ಗಂಜಿ ತಿಳಿ, ಒಮ್ಮೆ ಬಿಸಿನೀರು. ಆ ಗುಡಾರಕ್ಕೆ ಶಿಬಿರದ ನಟ್ಟನಡುವೆ ಹಾದು ಐವತ್ತು ಹೆಜ್ಜೆ. ಮೊದಲ ಸಲ ಆ ಐವತ್ತು ಹೆಜ್ಜೆ ನಡೆಯಲು ಆಯಿ ಸೆರಗು ತಲೆಗೆ ಎಳೆದು ನನ್ನ ಹಿಂದೆ ಅಡಗಿ ಬಂದಳು. ನಾನು ಸೊಂಟದ ಮೇಲೆ ಕೈಯಿಟ್ಟು ಬಾಗಿಲು ಕಾದೆ. ಒಳಗಿನಿಂದ ಮೂರು ಸಲ "ಯಾರಾರೂ ಇದ್ರಾ?" ಎಂದು ಕೇಳಿದಳು. ಎರಡನೆಯ ಸಲ ಸೆರಗು ತಲೆಯಿಂದ ಇಳಿದಿತ್ತು. ನಾಲ್ಕನೆಯ ಸಲ ನಾನು ಏಳುವಷ್ಟರಲ್ಲಿ ಅವಳೇ ಕೈ ಬೀಸಿಕೊಂಡು ಹೊರಟಿದ್ದಳು. ದಾರಿಯಲ್ಲಿ ನಿಂತಿದ್ದ ಗಂಡಸರಿಗೆ, "ಸ್ವಲ್ಪ ಸರೀರಿ, ಹೋಗಿ ಬರ್ತೆ," ಅಂದಳು. ಐದೂವರೆಗೆ ಚಟ್ನಿಯ ಡಬ್ಬಿ ಎಲ್ಲಿ ಎಂದು ಕೇಳಿದಾಗ ನನಗೆ ಅರ್ಧ ಜೀವ ಬಂತು.

ಆರು ಗಂಟೆಗೆ ಮಾಸ್ತರರು ಬಂದರು. ಬೆರಳಿಗೆ ಸಿಕ್ಕಿಸಿದ್ದನ್ನು ಎರಡು ಸಲ ನೋಡಿದರು.

"ತಲೆನೋವು?"

"ಇಲ್ಲ."

"ಖಾಲಿ ಬಾಟಲಿ ತೋರ್ಸಿದ ಹಾಗೆ ಹೇಳೂದಲ್ಲ, ಕಮಲಕ್ಕ."

"ನಿಮ್ಮ ಎದುರಿಗೇ ಇನ್ನೊಂದು ಲೋಟ ಕುಡೀಲಾ?"

ಮಾಸ್ತರರು ನಕ್ಕರು. "ಆತು. ನಾಳೆ ಬನ್ನಿ."

ಮರುದಿನದ ಏರು ದಾರಿಯಲ್ಲಿ ಗುಡಾರವೇನೂ ಇರಲಿಲ್ಲ. ಮಾಸ್ತರರು ಗಂಡಸರನ್ನೆಲ್ಲ ಮುಂದೆ ಹಾಕಿ, ನಾವು ಆರು ಜನ ಹೆಂಗಸರು ಹಿಂದೆ ಬರಲಿ ಅಂದರು. ಎರಡು ಕಡೆ ಆಯಿ ಕೂರಲು ಅವಳದೇ ಕೊಡೆ ಬಿಚ್ಚಿ ಅಡ್ಡ ಹಿಡಿದೆವು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೊಡೆ ಕೇಳಿದರು. ಸ್ಟೇಷನ್ನಿನಲ್ಲಿ ನಕ್ಕಿದ್ದು ಇವರೇ.

ಒಂಬತ್ತೂವರೆಗೆ ತುದಿ ಮುಟ್ಟಿದೆವು. ಸುತ್ತಲೂ ಹಿಮ. ಆಯಿ ಒಂದು ಮುಷ್ಟಿ ಎತ್ತಿ ನೋಡಿ, ಮೀನಿಗೆ ಹಾಕಲು ಇದು ತೀರಾ ಮೆತ್ತಗಾಯಿತು ಎಂದು ಕೆಳಗೆ ಹಾಕಿದಳು. ಅಲ್ಲಿ ಫೋನಿಗೆ ಎರಡು ಕಡ್ಡಿ ನೆಟ್‌ವರ್ಕ್ ಬರುತ್ತಿತ್ತು. "ಗಂಗೆಗೆ ಹಚ್ಚು," ಅಂದಳು. ಗಾಳಿಗೆ ಕೇಳದೆಂದು ಸ್ಪೀಕರ್ ಹಾಕಿದೆ. ಗಂಗೆ ಬುಟ್ಟಿಯೊಡನೆ ಎಲ್ಲೋ ಬಸ್ಸಿಗೆ ಕಾಯುತ್ತಿದ್ದಳು.

"ಮುಟ್ದೆ ಗಂಗೆ, ತುದಿಗೆ."

"ಹೌದಾ? ಎಂತ ಅದೆ ಅಲ್ಲಿ?"

ಆಯಿ ಹಿಮದ ಕಡೆ ತಿರುಗಿಯೂ ನೋಡಲಿಲ್ಲ. "ಕೆಳಗೆ ಹೆಂಗಸ್ರಿಗೆ ಅಂತ ಒಂದು ಗುಡಾರ ಅದೆ. ಹೇಸರಗತ್ತೆ ಮೇಲೆ ಹೊರ್ಸ್ಕಂಡು ಬಂದು ಹಾಕಿದ್ರು. ಹಗಲು ಹೊತ್ತಿಗೇ ಹೋಗೂದು. ನಾ ನಿನ್ನೆ ಹತ್ತು ಲೋಟ ಕುಡ್ದೆ."

"ಹಗಲು ಹೊತ್ತಿಗಾ?"

"ಹಗಲು ಹೊತ್ತಿಗೇ."

ಗಂಗೆ ದನಿ ತಗ್ಗಿಸಿ ಕೇಳಿದಳು, "ಇಡೀ ದಿನ ಬಾಯಾರಿಕೆ ಇಲ್ದೆ ಇದ್ರೆ ಹೇಗಿರ್ತದೆ, ಕಮಲಿ?"

"ಎರಡು ಗಂಟೆಗೆ ಮನೆಗೆ ಬಂದು ಮೊದಲ ಲೋಟ ಕುಡೀತ್ಯಲ್ಲ," ಅಂದಳು ಆಯಿ. "ಇಡೀ ದಿನ ಹಾಗೇ ಇರ್ತದೆ."

ಗಂಗೆ ಬಸ್ಸು ಬಂತೆಂದು ಫೋನ್ ಇಟ್ಟಳು.